ಮಾಯಾಳ ಎಡಮಗ್ಗುಲು

ಆ ಕಾರ್ಡನ್ನು ಶೆಟ್ಟೆವ್ವ ಹನ್ನೊಂದು ವರ್ಷದ ಹಿಂದೆಯೇ ಒಲೆಗೆ ಹಾಕಿದ್ದಳು. ಅಂಗೈಯಗಲದ ದಪ್ಪ ಕಾಗದ. ಮಗಳು ಮಾಯಾಳ ಎದೆಯೊಳಗೆ ಇಟ್ಟದ್ದು ಯಾವ ಕಂಪನಿಯದು, ಎಷ್ಟು ಅಳತೆಯದು, ಯಾವ ದಿನ ಇಟ್ಟದ್ದು ಎಂಬುದೆಲ್ಲ ಅದರ ಮೇಲಿತ್ತು. ಜೋಪಾನ ಮಾಡಿರಿ ಎಂದು ಅಂದಿನ ಡಾಕ್ಟರ್ ಹೇಳಿದ್ದನ್ನು ಅವಳು ಕೇಳಿದ್ದಳು. ಕೇಳಿಯೂ, ಊರಿಗೆ ಬಂದ ದಿನವೇ ರೊಟ್ಟಿ ಬಡಿಯುತ್ತ ಕೂತು ಅದನ್ನು ಬೆಂಕಿಗೆ ಕೊಟ್ಟಳು. ಬೀಗರ ಕೈಗೆ ಸಿಕ್ಕೀತೆಂಬ ಹೆದರಿಕೆ.

ಈಗ ಗೋಕಾಕದ ದವಾಖಾನೆಯಲ್ಲಿ ಡಾಕ್ಟರ್ ಬಾಯಿ ಅದನ್ನೇ ಕೇಳುತ್ತಿದ್ದಳು.

“ಕಾರ್ಡ್ ಕೊಟ್ಟಿರ್ತಾರಲ್ಲ ಅವ್ವಾರ, ತಂದೀರೇನು?”

“ಇಲಿ ತಿಂದಾವ್ರಿ,” ಎಂದಳು ಶೆಟ್ಟೆವ್ವ.

“ನಿನ್ನಿ ನನ್ನ ಮುಂದ ಒಪ್ಪಿದಿಯಲ್ಲ, ಸುಟ್ಟೇನಿ ಅಂತ ಹೇಳ ಬೇ,” ಎಂದ ಬಾಗಿಲಿಗೆ ಒರಗಿ ನಿಂತಿದ್ದ ಮಗ ಮುತ್ತಪ್ಪ. “ಇಲಿ ಮ್ಯಾಲ ಯಾಕ ಹಾಕ್ತಿ? ಅವಕ್ಕ ನಿನ್ನಷ್ಟು ಧೈರ್ಯ ಇಲ್ಲ.”

ಮುತ್ತಪ್ಪನಿಗೆ ಇಪ್ಪತ್ನಾಲ್ಕು. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟು ಕುರಿಗಳ ಹಿಂದೆ ಹೋದವನು. ಸಿಟ್ಟು ಬಂದರೆ ಯಾರ ಮುಂದೆ ನಿಂತಿದ್ದೇನೆ ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ಈ ನಾಲ್ಕು ದಿನಗಳಿಂದಂತೂ ಸಿಟ್ಟೇ ಅನ್ನ, ಸಿಟ್ಟೇ ನೀರು.

ಡಾಕ್ಟರ್ ಬಾಯಿ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಮಾಯಾಳ ಕಡೆ ತಿರುಗಿದಳು. ಕಂಕುಳಿನ ಗಂಟಿಗೆ ಸೂಜಿ ಹಾಕಿ ತೆಗೆದದ್ದರ ರಿಪೋರ್ಟ್ ಅವಳ ಮೇಜಿನ ಮೇಲಿತ್ತು. “ಕ್ಯಾನ್ಸರ್ ಅಲ್ಲವಾ, ಆ ಹೆದರಿಕಿ ಬಿಡು. ಆದರ ಒಳಗಿನ ಚೀಲ ಒಡದೈತಿ. ಅದರ ಸುತ್ತ ನಿನ್ನ ಮೈ ತಾನಾಗೇ ಒಂದು ಗೋಡಿ ಕಟ್ಟೇತಿ, ಆ ಗೋಡಿ ಕಲ್ಲಾಗೇತಿ. ಕಂಕಳದಾಗಿನ ಗಂಟೂ ಅದರಿಂದಾನ. ಎಲ್ಲಾ ತಗೀಬೇಕು. ಹಾಕಿದಾಗ ಹೇಳಿರಲಿಲ್ಲೇನು, ಇದು ಜನ್ಮಕ್ಕೆಲ್ಲಾ ಬರೂದಲ್ಲ, ಹತ್ತು ಹನ್ನೆರಡು ವರ್ಷದಾಗ ಮತ್ತ ನೋಡಬೇಕಾಗತೈತಿ ಅಂತ?”

ಮಾಯಾ ತಾಯಿಯ ಮುಖ ನೋಡಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

“ಹೇಳಿದ್ರು,” ಎಂದಳು ಶೆಟ್ಟೆವ್ವ, ಸೆರಗಿನ ತುದಿ ತಿರುವುತ್ತ. “ಅಷ್ಟೊತ್ತಿಗೆ ಮದಿವ್ಯಾಗಿ ಹೋಗಿರ್ತೈತಲ್ಲ ಅಂದ್ವಿರಿ.”

ಮದುವೆಯಾದ ಮೇಲೆ ಹೆಣ್ಣಿಗೆ ಎದೆಯೇ ಇರುವುದಿಲ್ಲ ಎನ್ನುವ ಹಾಗೆ.

ನಡೆದದ್ದು ಇಷ್ಟು. ಹದಿನೆಂಟಾದರೂ ಮಾಯಾಳ ಎಡಮಗ್ಗುಲು ಬೆಳೆಯಲಿಲ್ಲ. ಬಲಗಡೆ ಎಲ್ಲರ ಹಾಗೆ, ಎಡಗಡೆ ಹುಡುಗರ ಹಾಗೆ. ಜಂಪರಿನೊಳಗೆ ಅರಿವೆ ತುರುಕಿಕೊಂಡು ತಿರುಗುತ್ತಿದ್ದಳು. ಅದರಿಂದ ಅವಳ ಮೈಗೆ ಒಂದಿಷ್ಟೂ ನೋವಿರಲಿಲ್ಲ. ನೋವಿದ್ದದ್ದು ಮನೆಯವರಿಗೆ. ಹಿಡಕಲ್ ಬಾಜೂದ ಹಳ್ಳಿಯಿಂದ, ಹುಕ್ಕೇರಿ ಸೀಮೆಯ ದೊಡ್ಡ ಕುರಿ ಹಿಂಡಿನವನಾದ ಕೆಂಚಪ್ಪನ ಮನೆಯಿಂದ, ಅವನ ಮಗ ಮಾಲಿಂಗಪ್ಪನಿಗೆ ಹೆಣ್ಣು ಕೇಳಿಕೊಂಡು ಬಂದಾಗ ಅಪ್ಪ ಶಿದ್ರಾಮ ಮಗಳನ್ನು ದೂರದ ಊರಿಗೆ ಕರೆದೊಯ್ದು, ಎಡಗಡೆ ಸಿಲಿಕೋನ್ ಚೀಲ ಇಡಿಸುವ ಆಪರೇಶನ್ ಮಾಡಿಸಿಕೊಂಡು ಬಂದ. ತಮ್ಮೂರು ನಾಗನೂರಿನ ಮಂದಿಗೆಲ್ಲ ಅಪೆಂಡಿಕ್ಸ್ ಎಂದು ಹೇಳಿದರು. ಹದಿಮೂರರ ಮುತ್ತಪ್ಪನಿಗೂ ಅದನ್ನೇ ಹೇಳಿದರು. ಅಕ್ಕನನ್ನು ನೋಡಲು ಬಂದವರು ತಂದ ಬಿಸ್ಕೀಟನ್ನು ತಿಂದು ಅವನು ಅದನ್ನು ನಂಬಿದ. ಶಿದ್ರಾಮ ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಹೋಗುವಾಗಲೂ ಬಾಯಿ ಬಿಡಲಿಲ್ಲ.

ಈ ವರ್ಷ ಪಂಚಮಿಗೆ ರೂಢಿಯಂತೆ ಮುತ್ತಪ್ಪ ಹೋಗಿ ಅಕ್ಕನನ್ನೂ ಅವಳ ಮಗಳು ಭಾಗ್ಯಾಳನ್ನೂ ತವರಿಗೆ ಕರೆತಂದ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಓಣಿಯ ಹೆಂಗಸರು, “ಬಾರವಾ ಮಾಯಾ, ಹುಕ್ಕೇರಿಗೆ ಹೋಗಿ ಮುದಿಕಿ ಆದಿ ಏನು!” ಎಂದು ಕೂಗಿದರು. ಮಾಯಾ ಹೋಗಿ ಬಲಗೈಯಿಂದ ಹಗ್ಗ ಹಿಡಿದಳು. ಎಡಗೈ ಭುಜದ ಮೇಲಕ್ಕೆ ಏಳಲೇ ಇಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತು.

ಮುತ್ತಪ್ಪ ಬಂದು ಕೇಳಿದ್ದು ಒಂದೇ ಮಾತು. “ಹೊಡದಾನೇನು?”

“ಯಾರು?”

“ನಿನ್ನ ಗಂಡ. ಕೈ ಮುರದಾನೇನು ಹೇಳು. ಈಗ ಗಾಡಿ ಹಚ್ಚತೇನಿ.”

ಹಚ್ಚಿಯೂಬಿಟ್ಟ. ಕುರಿ ಕಾಯುವ ಬಡಿಗೆ ಗಾಡಿಯ ಮೇಲೆ ಅಡ್ಡ ಇಟ್ಟುಕೊಂಡಿದ್ದ. ಮಾಯಾ ಓಡಿ ಬಂದು ಚಾವಿ ಕಿತ್ತುಕೊಂಡಳು. ತಮ್ಮನಿಗೆ ಹೇಳುವ ಮಾತಲ್ಲ ಅದು. ಆದರೆ ಹೇಳದಿದ್ದರೆ ಅಂದು ಒಂದು ತಲೆ ಒಡೆಯುತ್ತಿತ್ತು.

“ಇಳಿ ಕೆಳಗ. ಅವರು ಹೊಡದಿಲ್ಲ. ಇದು ನಮ್ಮ ಅಪ್ಪ ಅವ್ವ ಕೊಟ್ಟ ನೋವು.”

ದನದ ಕೊಟ್ಟಿಗೆಯ ಮೂಲೆಯಲ್ಲಿ, ಅವನ ಮುಖ ನೋಡದೆ, ಗೋಡೆಗೆ ಹೇಳಿದ ಹಾಗೆ ಎಲ್ಲ ಹೇಳಿದಳು. ಎರಡು ವರ್ಷದಿಂದ ಎಡಗಡೆ ಮೆಲ್ಲಗೆ ಗಟ್ಟಿಯಾಗಿ ಮೇಲಕ್ಕೆ ಏರಿದ್ದು. ಥಂಡಿ ದಿನಗಳಲ್ಲಿ ಹೊರಗಿನ ಬಂಡೆಗಲ್ಲಿನ ಹಾಗೆ ತಣ್ಣಗಾಗುವುದು. ಕೊಡ ಹೊರಲಾಗದೆ ಅತ್ತೆಯಿಂದ ಮೈಗಳ್ಳಿ ಅನ್ನಿಸಿಕೊಂಡದ್ದು. ಭಾಗ್ಯಾಳಿಗೆ ಒಂದೇ ಕಡೆ ಹಾಲು ಕುಡಿಸಿ, ಇನ್ನೊಂದು ಕಡೆ ಕುರ ಎದ್ದಿದೆ ಎಂದು ಬಾಣಂತನ ಕಳೆದದ್ದು.

ಮರುದಿನವೇ ಮುತ್ತಪ್ಪ ಅವಳನ್ನು ಗೋಕಾಕಕ್ಕೆ ತಂದ. ಅಲ್ಲಿಗೆ ಅವನ ಕೈಲಾದದ್ದು ಮುಗಿಯಿತು. ಉಳಿದದ್ದೆಲ್ಲ ಬರೀ ಹಲ್ಲು ಕಡಿಯುವುದು.

“ಗುರುವಾರ ಬೆಳಗಾವಿಯಿಂದ ಸರ್ಜನ್ ಬರ್ತಾರ, ಇಲ್ಲೇ ಮಾಡೋಣು,” ಎಂದಳು ಡಾಕ್ಟರ್ ಬಾಯಿ. “ಹೊಸದು ಹಾಕಿಸೂದೋ ಬ್ಯಾಡೋ ನೀನ ವಿಚಾರ ಮಾಡವಾ. ಹಾಕಿಸಿದರ ಮುಂದ ಮತ್ತ ಒಂದ ದಿನ ಇದ ಪಾಳಿ ಬರಬಹುದು.”

“ಗಂಡನ ಸಹಿ ಬೇಕಾಗತೈತಲ್ಲರಿ?” ಎಂದಳು ಶೆಟ್ಟೆವ್ವ.

“ಯಾಕ್ರಿ? ಮೈ ಇವರದು, ಸಹಿನೂ ಇವರದ.”

ಶೆಟ್ಟೆವ್ವನಿಗೆ ಆ ಮಾತು ಸೇರಲಿಲ್ಲ. ಗಂಡನ ಮನೆಗೆ ಹೇಳದೆ ಮೈ ಕೊಯ್ಸಿಕೊಂಡರೆ ನಾಳೆ ಹೇಳುವುದೇನು? ಯೋಚನೆ ಮಾಡಿದಳು. ಹಳೆಯ ಸುಳ್ಳು ಹರಿದರೆ ಹೊಸ ಸುಳ್ಳಿನ ತೇಪೆ ಹಾಕುವ ಕೈ ಅದು. ಮಕ್ಕಳಿಗೆ ಕೇಳದೆಯೇ ಹುಕ್ಕೇರಿ ಬೀಗರಿಗೆ ಫೋನ್ ಹಚ್ಚಿ, ಮಾಯಾಳ ಎದೆಯಲ್ಲಿ ಕ್ಯಾನ್ಸರ್ ಗಡ್ಡೆಯಾಗಿದೆ, ಕೊಯ್ದು ತೆಗೆಯಬೇಕಂತೆ ಎಂದು ಅತ್ತುಬಿಟ್ಟಳು. ಅಳು ಖರೆ ಇತ್ತು, ಮಾತು ಸುಳ್ಳಿತ್ತು.

ಮರುದಿನ ಮಧ್ಯಾಹ್ನ ಕೆಂಚಪ್ಪ ಮತ್ತು ಮಾಲಿಂಗಪ್ಪ ನಾಗನೂರಿಗೆ ಬಂದರು. ಕೆಂಚಪ್ಪ ಮೂಡಲಗಿ ಕುರಿ ಸಂತೆಯಲ್ಲಿ ದಲಾಲಿ ಮಾಡುವವನು. ವ್ಯಾಪಾರದಲ್ಲಿ ತಂಟೆ ಬಂದರೆ ನ್ಯಾಯ ಹೇಳುವವನೂ ಅವನೇ. ಅಂಥವನು ಸೊಸೆಯ ತಲೆಯ ಮೇಲೆ ಕೈಯಿಟ್ಟು ಕಣ್ಣೀರು ಒರೆಸಿಕೊಂಡ.

“ಹೆದರಬ್ಯಾಡ ಮಗಳ. ಹಿಂಡು ಹೋದರ ಹೋಗಲಿ, ನೀ ಉಳೀಬೇಕು. ನಿನ್ನ ಅತ್ತಿ ಮಾಳಿಂಗರಾಯಗ ಹರಕಿ ಹೊತ್ತಾಳ.”

ಮಾಲಿಂಗಪ್ಪ ಗೋಡೆಯ ಬದಿಗೆ ಕುಳಿತು ಮೋಸಂಬಿ ಸುಲಿದು ಒಂದೊಂದೇ ಎಸಳನ್ನು ಹೆಂಡತಿಯ ಕೈಗೆ ಕೊಡುತ್ತಿದ್ದ. ಹನ್ನೊಂದು ವರ್ಷದಲ್ಲಿ ಅವನು ಅವಳಿಗೆ ಹಣ್ಣು ಸುಲಿದು ಕೊಟ್ಟದ್ದು ಇದೇ ಮೊದಲು. ಮಾಯಾ ಕೈಯಲ್ಲಿದ್ದ ಎಸಳುಗಳನ್ನು ನೋಡುತ್ತ ಕೂತಳು. ಒಂದನ್ನೂ ಬಾಯಿಗಿಡಲಿಲ್ಲ.

“ಮಾವಾರ, ಕ್ಯಾನ್ಸರ್ ಅಲ್ರಿ,” ಎಂದಳು.

ಶೆಟ್ಟೆವ್ವ ಒಳಗಿನಿಂದ, “ಮಾಯಾ!” ಎಂದು ಚೀರಿದಳು.

“ಚೀರಬ್ಯಾಡವ್ವಾ. ಇಲ್ಲದ ರೋಗಕ್ಕ ಇವರು ಅಳೂದು ನನಗ ನೋಡಾಕ ಆಗವಲ್ದು.” ಅಷ್ಟು ಹೇಳಿ, ಹುಟ್ಟಿನಿಂದ ಬಂದದ್ದು, ಹಾಕಿಸಿದ್ದು, ಈಗ ಒಡೆದದ್ದು, ಮೂರನ್ನೂ ಮೂರು ಮಾತಿನಲ್ಲಿ ಮುಗಿಸಿದಳು.

ಕೆಂಚಪ್ಪನ ಕಣ್ಣೀರು ಎಷ್ಟು ಬೇಗ ಆರಿತೆಂದರೆ, ಅದನ್ನು ನೋಡಿದ ಮುತ್ತಪ್ಪ ಬದುಕಿರುವ ತನಕ ಮರೆಯಲಾರ. ಕ್ಯಾನ್ಸರ್ ಆಗಿದ್ದರೆ ಅವಳು ಮಗಳಾಗಿದ್ದಳು. ಅಲ್ಲ ಎಂದ ಕೂಡಲೇ ಮೋಸಗಾತಿ.

“ಹಂಗಾರ ನೀವು ನಮಗ ತೋರಿಸಿದ್ದು ಒಂದು, ಕೊಟ್ಟಿದ್ದು ಒಂದು,” ಎಂದ ಕೆಂಚಪ್ಪ, ಚಹಾದ ಬಸಿ ಕೆಳಗಿಟ್ಟು. “ಇದಕ್ಕ ಸಂತ್ಯಾಗ ಏನಂತಾರ, ಮುತ್ತಪ್ಪಗ ಕೇಳ್ರಿ. ಅವಗ ಬಾಯಿಪಾಠ ಐತಿ.”

ಮುತ್ತಪ್ಪನಿಗೆ ಗೊತ್ತಿತ್ತು. ಒಂದು ಕೆಚ್ಚಲು ಸತ್ತ ಕುರಿಯನ್ನು ಮಾರುವವನು ಮೊದಲೇ ಬಾಯಿ ಬಿಟ್ಟು ಹೇಳಬೇಕು. ಮುಚ್ಚಿ ಮಾರಿದರೆ, ಕೊಂಡವನು ಅದು ಮರಿ ಹಾಕಿದ ಮೇಲೂ ತಂದು ಬಿಡಬಹುದು. ಹೋದ ವರ್ಷ ಮೂಡಲಗಿಯಲ್ಲಿ ಒಬ್ಬ ಮುದುಕ, ಸತ್ತ ಕೆಚ್ಚಲೂ ತುಂಬಿದಂತೆ ಕಾಣಲೆಂದು ಎರಡು ದಿನ ಮರಿ ಬಿಡದೆ ಹಾಲು ಕಟ್ಟಿ ನಿಲ್ಲಿಸಿದ ಕುರಿಯನ್ನು ಮುತ್ತಪ್ಪನ ತಲೆಗೆ ಕಟ್ಟಿದ್ದ. ಮುಂದಿನ ಸಂತೆಗೆ ಮುತ್ತಪ್ಪ ಆ ಕುರಿಯನ್ನು ಮಂದಿಯ ನಡುವೆ ಅಂಗಾತ ಕೆಡವಿ, ಕಾಲು ಅಗಲಿಸಿ, “ನೋಡ್ರಿ ಈ ಕಳ್ಳನ ಮಾಲು!” ಎಂದು ಕೂಗಿದ್ದ. ಕೆಂಚಪ್ಪನೇ ನ್ಯಾಯ ಹೇಳಿ ಹಿಂದಿರುಗಿಸಿದ್ದ. ಎಲ್ಲರೂ ನಕ್ಕಿದ್ದರು. ಮುತ್ತಪ್ಪನೂ ನಕ್ಕಿದ್ದ.

“ನಮ್ಮಕ್ಕ ಕುರಿ ಅಲ್ಲ!” ಎಂದು ಈಗ ಎದ್ದು ನಿಂತ. ಕೈ ಎತ್ತಿದ.

“ಅದನ್ನ ನಿಮ್ಮಪ್ಪಗ ಹೇಳಬೇಕಾಗಿತ್ತು,” ಎಂದ ಕೆಂಚಪ್ಪ ಮೆಲ್ಲಗೆ. “ಸಂತಿಗೆ ತಂದಾಂವ ಅಂವ.”

ಹೊಡೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಕೆಂಚಪ್ಪನ ಮೇಲಿನ ಸಿಟ್ಟಿಗಿಂತ, ಅವನು ಹೇಳಿದ್ದು ಖರೆ ಇದೆಯಲ್ಲ ಎಂಬ ಸಿಟ್ಟು ದೊಡ್ಡದಾಗಿತ್ತು.

ಬೀಗರು ಊಟ ಮಾಡದೆ ಎದ್ದರು. ಮಾಲಿಂಗಪ್ಪ ಗಾಡಿಯ ಬಳಿ ಹಿಂದುಳಿದು, ಅಪ್ಪನಿಗೆ ಕೇಳದ ಹಾಗೆ ಮುತ್ತಪ್ಪನಿಗೆ ಹೇಳಿದ. “ನನಗ ಗೊತ್ತಿತ್ತೋ.”

“ಏನು ಗೊತ್ತಿತ್ತು ಮಾವ?”

“ಲಗ್ನ ಆದ ಹೊಸ್ತಾಗೇ ಗೊತ್ತಾತು. ಗಂಡಂಗ ಗೊತ್ತಾಗಲಾರದ ಇರತೈತೇನು? ಏನೋ ಐತಿ ಅಂತ ಸುಮ್ಮಿದ್ದೆ. ನನಗ ಅದರಿಂದ ಏನೂ ಆಗಬೇಕಾಗಿರಲಿಲ್ಲ.”

“ಹಂಗಾರ ಒಳಗ ಯಾಕ ಬಾಯಿ ಬಿಡಲಿಲ್ಲ?”

“ಅಪ್ಪನ ಮುಂದ ಹೆಂಗ ಹೇಳಲಿ?”

ಮೂವತ್ತೈದು ವರ್ಷದ ಗಂಡಸು. ಸೊಂಟದೆತ್ತರದ ಟಗರನ್ನು ಕೋಡು ಹಿಡಿದು ಮಣಿಸುವವನು.

ಎರಡು ದಿನ ಬಿಟ್ಟು ಅವನದೇ ಫೋನ್ ಬಂತು. ಕೆಂಚಪ್ಪ ತೀರ್ಮಾನ ಮಾಡಿದ್ದನಂತೆ. ಹಳೆಯದನ್ನು ತೆಗೆಸಿ ಹೊಸದನ್ನು ಹಾಕಿಸಿ ಕಳಿಸಿದರೆ ಕರೆದುಕೊಳ್ಳುತ್ತಾರೆ. ನೀರಿಗೆ ಹೋದಾಗ, ಜಳಕ ಮಾಡುವಾಗ ನಾಲ್ಕು ಹೆಂಗಸರ ಕಣ್ಣಿಗೆ ಬೀಳುವ ಹಾಗೆ ಬರಬಾರದು. ಮನೆತನದ ಮಾತು ಮನೆಯಲ್ಲಿರಬೇಕು.

“ದೇವರಂಥಾ ಮನಷ್ಯಾ,” ಎಂದು ಶೆಟ್ಟೆವ್ವ ಫೋನಿಗೇ ಕೈಮುಗಿದಳು.

“ದೇವರು ಅಲ್ಲಬೇ, ದಲಾಲಿ,” ಎಂದ ಮುತ್ತಪ್ಪ. “ಮುದಿ ಕುರಿ ಹಲ್ಲಿಗೆ ಬಣ್ಣಾ ಹಚ್ಚಿ ಸಂತಿಗೆ ತಾ ಅಂದಂಗ ಅನ್ನಾಕತ್ತಾನ.”

ಮಾಯಾ ಭಾಗ್ಯಾಳ ತಲೆ ಬಾಚುತ್ತಿದ್ದಳು. ಗುರುವಾರ ಬೆಳಿಗ್ಗೆ ಗೋಕಾಕದಲ್ಲಿ ಡಾಕ್ಟರ್ ಬಾಯಿ ಕಾಗದ ಮುಂದಿಟ್ಟಾಗ ಮಾತ್ರ ಅಂದಳು. “ಹೊಸದು ಬ್ಯಾಡ್ರಿ.” ಸಹಿ ಮಾಡಿದಳು. ಶೆಟ್ಟೆವ್ವ ಕಾರಿಡಾರಿನಲ್ಲಿ ಹಣೆ ಬಡಿದುಕೊಂಡಳು. ಅವಳನ್ನು ಸುಮ್ಮನಿರಿಸಲು ಆಯಾ ಬರಬೇಕಾಯಿತು.

ಮೂರು ತಾಸು ಹಿಡಿಯಿತು. ತೆಗೆದದ್ದನ್ನು ನರ್ಸ್ ತಟ್ಟೆಯಲ್ಲಿ ತಂದು ತೋರಿಸಿದಳು. ಮೊಟ್ಟೆಯ ಸಿಪ್ಪೆಯಂಥ ಬಿಳಿ ಗಟ್ಟಿ ಪದರ, ಒಳಗೆ ಹಳದಿ ಅಂಟು. ಮುತ್ತಪ್ಪ ಅದನ್ನು ಬಹಳ ಹೊತ್ತು ನೋಡಿದ. ಸಂಜೆ ಮಾಯಾ ಕಣ್ಣು ಬಿಟ್ಟು ನೀರು ಕುಡಿದ ಮೇಲೆ ಅವಳ ಕಿವಿಯ ಬಳಿ ಬಾಗಿದ.

“ಅದನ್ನ ಒಂದು ಡಬ್ಬ್ಯಾಗ ಹಾಕಿ ಕೊಡ್ರಿ ಅಂತ ಕೇಳ್ತೇನಿ ಅಕ್ಕಾ. ಒಯ್ದು ಕೆಂಚಪ್ಪನ ಹೊಸ್ತಿಲ ಮ್ಯಾಲ ಇಡತೇನಿ. ತಗೋ ನಿನ್ನ ಮಾಲು ಅಂತೇನಿ.”

ಮಾಯಾ ಅವನನ್ನು ನೋಡಿದ ರೀತಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಅಪ್ಪ ಮರ್ಯಾದಿಗೆ ಅಂತ ಹಾಕಿಸಿದ. ನೀ ಸಿಟ್ಟಿಗೆ ಅಂತ ಒಯ್ಯಾಂವ. ನಡುವ ನಾ ಎಲ್ಲಿ ಅದೇನಿ ಹೇಳು?”

ಡಬ್ಬಿಯ ಮಾತನ್ನು ಅವನು ಅಲ್ಲಿಗೇ ಬಿಟ್ಟ. ಕೆಂಚಪ್ಪ ಅಂದು ಹೇಳಿದ್ದು, ಅಕ್ಕ ಈಗ ಕೇಳಿದ್ದು, ಎರಡೂ ಒಂದೇ ಗಾಯಕ್ಕೆ ಬಿದ್ದಿದ್ದವು.

ಮೂರನೆಯ ದಿನ ಮಾಲಿಂಗಪ್ಪ ಒಬ್ಬನೇ ಬಂದ. ಕೈಯಲ್ಲಿ ಎರಡು ಎಳನೀರು. ಮಂಚದ ಕಾಲ ಬಳಿ ನಿಂತು, ಹೊದಿಕೆಯ ಮೇಲೆ ಕಣ್ಣಾಡಿಸಿ ಕೇಳಿದ. “ಹಾಕಿಸಿದಿಯೇನು?”

ನೋವು ಹೇಗಿದೆ ಎಂದು ಕೇಳಲಿಲ್ಲ.

“ಇಲ್ರಿ. ಸಪಾಟ ಐತಿ. ಪಟ್ಟಿ ಬಿಚ್ಚಿದ ಮ್ಯಾಲ ತೋರಸ್ತೇನಿ, ನೋಡ್ತೀರೇನು? ಇಷ್ಟು ವರ್ಷ ಕತ್ತಲ್ಯಾಗ ಗೊತ್ತಿತ್ತಂತ, ಮುತ್ತಪ್ಪ ಹೇಳಿದ. ಒಮ್ಮೆ ಬೆಳಕಿನ್ಯಾಗ ನೋಡ್ರಿ.”

ಅಷ್ಟರಲ್ಲಿ ಅವನ ಕಿಸೆಯಲ್ಲಿ ಫೋನ್ ರಿಂಗಾಯಿತು. ಕೆಂಚಪ್ಪನ ದನಿ ಮುತ್ತಪ್ಪ ಕೂತಲ್ಲಿಗೂ ಕೇಳುತ್ತಿತ್ತು. ಏನಾಯಿತು ಎಂದು ಕೇಳುತ್ತಿದ್ದ. ಮಾಲಿಂಗಪ್ಪ ಹೆಂಡತಿಯ ಕಡೆ ಒಮ್ಮೆ, ಕಿಟಕಿಯ ಕಡೆ ಒಮ್ಮೆ ನೋಡಿದ.

“ಹೂಂ ಅಪ್ಪಾ,” ಎಂದ. “ಹಾಕಿಸ್ಯಾಳ. ಹೊಸದ ಹಾಕ್ಯಾರ.”

ಅವಳನ್ನು ಉಳಿಸಿಕೊಳ್ಳಲು ಹೇಳಿದನೋ, ತಾನು ಉಳಿದುಕೊಳ್ಳಲು ಹೇಳಿದನೋ, ಬಹುಶಃ ಅವನಿಗೂ ತಿಳಿಯಲಿಲ್ಲ. ಶೆಟ್ಟೆವ್ವನ ಮುಖ ಅರಳಿತು. ಒಂದು ಉಸಿರಿನಷ್ಟು ಹೊತ್ತು ಎಲ್ಲವೂ ಸರಿಹೋಗಿತ್ತು. ಜಂಪರಿನೊಳಗೆ ಮತ್ತೆ ಅರಿವೆ ತುರುಕಿಕೊಂಡರೆ ಸಾಕು, ಹುಕ್ಕೇರಿಯ ಬಾಗಿಲು ತೆರೆದಿತ್ತು.

ಮಾಯಾ ಬಲಗೈ ಚಾಚಿ ಗಂಡನ ಕೈಯಿಂದ ಫೋನ್ ತೆಗೆದುಕೊಂಡಳು.

“ಮಾವಾರ, ನಾ ಮಾಯಾ. ಹಾಕಿಸಿಲ್ರಿ. ಇನ್ನ ಹಾಕಿಸೂದೂ ಇಲ್ಲ.”

ಆ ಕಡೆಯಿಂದ ಫೋನ್ ಕಟ್ಟಾಯಿತು. ಅವಳು ಅದನ್ನು ಗಂಡನಿಗೆ ಹಿಂದಕ್ಕೆ ಕೊಟ್ಟಳು.

“ಬರೂ ದಾರಿ ಕೈಯಾರೆ ಮುಚ್ಚಿದಿ,” ಎಂದ ಮಾಲಿಂಗಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. ಅದಕ್ಕೇ ಮುತ್ತಪ್ಪನಿಗೆ ಅವನ ಕೊರಳು ಹಿಚುಕಬೇಕೆನ್ನಿಸಿತು.

“ನೀವು ಈ ಕಡೆ ಬರೂ ದಾರಿ ತೆರದೈತಲ್ಲರಿ,” ಎಂದಳು ಮಾಯಾ.

ಮಾಲಿಂಗಪ್ಪ ಎಳನೀರನ್ನು ಕಪಾಟಿನ ಮೇಲಿಟ್ಟು, ಯಾರಿಗೂ ಬರುತ್ತೇನೆ ಎನ್ನದೆ ಹೊರಗೆ ನಡೆದ. ಮುತ್ತಪ್ಪ ದಡಕ್ಕನೆ ಎದ್ದ.

“ಕೂಡು,” ಎಂದಳು ಮಾಯಾ. “ಅವನ ಹಿಂದ ಹೋಗಬ್ಯಾಡ. ನಿನಗ ಬ್ಯಾರೆ ಕೆಲಸ ಐತಿ. ಸೋಮವಾರ ಹುಕ್ಕೇರಿ ಕಡೆ ಹೋಗಿ ಭಾಗ್ಯಾನ ಸಾಲ್ಯಾಗ ಟಿ.ಸಿ. ಕೇಳ್ಕೊಂಡು ಬಾ. ನಾಗನೂರ ಸಾಲ್ಯಾಗ ಆಕಿ ಹೆಸರು ಹಚ್ಚಬೇಕು.”

“ಮತ್ತ ಅವರು ಅಡ್ಡ ಬಂದ್ರ?”

“ಬಂದ್ರ ಬರಲಿ. ನೀ ಯಾರ ಕೂಡನೂ ಜಗಳಾ ತಗೀಬ್ಯಾಡ. ಹೆಡಮಾಸ್ತರಗ ನಮಸ್ಕಾರ ಮಾಡಿ, ಚೀಟಿ ಇಸಕೊಂಡು, ಬಂದುಬಿಡು.”

ಮುತ್ತಪ್ಪ ಕೂತ. ಮುಷ್ಟಿಗಳು ತೊಡೆಯ ಮೇಲೆ ಇನ್ನೂ ಬಿಗಿದೇ ಇದ್ದವು. ಕುರಿ ಮಂದೆಯ ಎದುರು, ಸಂತೆಯ ಎದುರು ಎಂದೂ ಇಳಿಯದ ದನಿ ಇಳಿಸಿ ಕೇಳಿದ.

“ಅರ್ಜಿ ಬರಿಬೇಕಾಗತೈತೇನು ಅಕ್ಕಾ? ನನಗ ಬರಿಯಾಕ ಸರಿ ಬರೂದಿಲ್ಲ.”

“ಕಾಗದ ಪೆನ್ ತಾ,” ಎಂದಳು ಅವಳು. “ನಾ ಹೇಳ್ತೇನಿ, ನೀ ಬರಿ.”