ಇನೋಸಿಯ ಎರಡನೆಯ ಸೇತುವೆ

ಶವಪೆಟ್ಟಿಗೆಗೆ ಸುತ್ತಿದ ಕೇದಗೆ ಗರಿಯ ಚಾಪೆಯ ಅಂಚನ್ನು ಕೆಲೆರಾ ಒಳಕ್ಕೆ ಮಡಚುತ್ತಿದ್ದಳು. ಗಂಡನ ತಮ್ಮನ ಮಗ ಸಕೆನಾಸ ಬಂದು ಪಕ್ಕದಲ್ಲಿ ಕೂತ.

"ದೊಡ್ಡಮ್ಮ, ದೊಡ್ಡಪ್ಪನ್ನ ನಾವು ಸೇತುವೆ ಮೇಲೆ ಹೊತ್ಕೊಂಡು ಹೋಗ್ತೀವಿ. ನಿಂಗೆ ದೋಣಿ ತಂದಿದೀನಿ."

"ಅವಳಿಗೆ ದೋಣಿ ಇಲ್ದೆ ಇನ್ನೇನು!" ನಾದಿನಿ ವರಾನಿಸೆಸೆ ಮೂಗೊರೆಸಿಕೊಂಡಳು. "ನಮ್ಮಣ್ಣ ಕಟ್ಟಿದ ಸೇತುವೆ ಮೇಲೆ ಊರಿನ ಹಂದಿಗಳೂ ಓಡಾಡ್ತವೆ. ಕಟ್ಕೊಂಡೋಳು ಮಾತ್ರ ಕಾಲಿಡ್ಲಿಲ್ಲ."

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ನಕ್ಕರು. ಕೆಲೆರಾಳಿಗೂ ನಗು ಬಂತು. ಲಂಬಾಸಾ ಪೇಟೆಯ ರಿಪೇರಿ ಶೆಡ್ಡಿನಲ್ಲಿ ವಾರವೆಲ್ಲ ಎಷ್ಟೇ ದಣಿದರೂ ಗಂಡ ಇನೋಸಿ ಭಾನುವಾರ ಅವಳನ್ನು ಆಚೆ ದಡದ ಚರ್ಚಿಗೆ ದೋಣಿಯಲ್ಲೇ ದಾಟಿಸುತ್ತಿದ್ದ. ಸೇತುವೆಯ ಮೇಲೆ ಬಾ ಎಂದು ಒಮ್ಮೆಯೂ ಅಂದಿರಲಿಲ್ಲ.

*

ಮೊದಲ ಸೇತುವೆ ಕಟ್ಟಿದಾಗ ಇನೋಸಿಗೆ ಮೀಸೆ ಚಿಗುರುವ ವಯಸ್ಸು. ಉಕ್ಕಿನ ತೊಲೆಗಳನ್ನು ಬೆಸೆಯುವ ಪಟ್ಟಿಗಳಿಗೆ ನಕ್ಷೆಯಲ್ಲಿದ್ದಷ್ಟು ಬೋಲ್ಟು ಸಾಲದೆಂದು ಅವನಿಗೆ ಅನ್ನಿಸಿತು. ಊರವರ ಜೀವದ ಪ್ರಶ್ನೆ. ನಡುನಡುವೆ ಇನ್ನಷ್ಟು ತೂತು ಕೊರೆದು ಬಿಗಿದ. ಮೊದಲ ನೆರೆಗೇ ಸೇತುವೆ ಕುಸಿಯಿತು, ಕೆಸುವಿನ ಗೆಡ್ಡೆಯ ಬುಟ್ಟಿ ಹೊತ್ತು ದಾಟುತ್ತಿದ್ದ ಕೆಲೆರಾಳ ಸಮೇತ. ಅವಳ ಕಾಲು ಮುರಿಯಿತು.

ಕ್ಷಮೆ ಕೇಳಲು ಅವನು ಪದ್ಧತಿಯಂತೆ ತಿಮಿಂಗಿಲದ ಹಲ್ಲು ಹಿಡಿದು ಅವಳ ಮನೆಬಾಗಿಲಲ್ಲಿ ಕೂತ.

"ಅಷ್ಟೊಂದು ಬೋಲ್ಟು ಹಾಕಿದ್ಯಲ್ಲ, ಯಾಕ್ ಮುರೀತು?" ಒಳಗಿಂದ ಅವಳೇ ಕೇಳಿದಳು.

"ಬೋಲ್ಟು ಒಂದೂ ಮುರೀಲಿಲ್ಲ. ತೂತು ಒತ್ತೊತ್ತಾಗಿ, ಮಧ್ಯೆ ಉಕ್ಕೇ ಉಳಿದಿರ್ಲಿಲ್ಲ. ಅಂಚೆಚೀಟಿ ಹಾಳೆ ಹಂಗೆ ತೂತಿಂದ ತೂತಿಗೆ ಹರ್ಕೊಂಡು ಹೋಯ್ತು."

"ಅಂದ್ರೆ, ಜಾಸ್ತಿ ಕಾಳಜಿ ಮಾಡಿ ನನ್ ಕಾಲು ಮುರಿದೆ."

"ಹೂಂ."

"ಇನ್ನೊಂದು ಕಟ್ತೀಯಾ?"

"ಕಟ್ತೀನಿ. ಬೋಲ್ಟುಗಳ ನಡುವೆ ಜಾಗ ಬಿಟ್ಟು ಹಾಕ್ತೀನಿ. ತೀರಾ ದೂರ ಆದ್ರೆ ಪಟ್ಟಿ ಬಾಯ್ಬಿಟ್ಟು ನೀರಿಳಿದು ತುಕ್ಕು ಹಿಡಿಯುತ್ತೆ. ಅದನ್ನೂ ನೋಡ್ಕೋತೀನಿ."

"ಕಟ್ಟು. ನಾನಂತೂ ಹತ್ತಲ್ಲ."

ಮುಂದಿನ ಮಳೆಗಾಲದೊಳಗೆ ಸೇತುವೆಯೂ ಎದ್ದಿತು, ಅವರ ಮದುವೆಯೂ ಆಯಿತು.

*

ಹೆಗಲು ಕೊಟ್ಟವರು ಸೇತುವೆ ಹತ್ತಿದರು. ಅದು ಮಿಸುಕಲಿಲ್ಲ. ಕೆಳಗೆ ದೋಣಿಯ ಬಳಿ ಸಕೆನಾಸ ಕೈ ಚಾಚಿದ. ಕೆಲೆರಾ ಅವನತ್ತ ನೋಡದೆ ಕುಂಟುತ್ತ ಹೋಗಿ ಸೇತುವೆಯ ಮೇಲೆ ಕಾಲಿಟ್ಟಳು.

"ದೊಡ್ಡಮ್ಮ! ನೀನು ಹತ್ತಲ್ಲ ಅಂತಿದ್ಯಲ್ಲ?"

"ನಿಮ್ ದೊಡ್ಡಪ್ಪ ಒಂದ್ಸಲ ಕರೀಲಿ ಅಂತ ಕಾಯ್ತಿದ್ದೆ ಕಣೋ. ಅವರು ಕರೀಲೇ ಇಲ್ಲ."

ನಡುಮಧ್ಯಕ್ಕೆ ಬಂದು ನಿಂತಳು. ಕೆಳಗೆ ಕಂದು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಕಂಬಿ ಹಿಡಿದು ಮೆಲ್ಲಗೆ ಕೂತು ಕಾಲು ಇಳಿಬಿಟ್ಟಳು. ಬೈಯುತ್ತ ಬಂದ ವರಾನಿಸೆಸೆ ಪಕ್ಕದಲ್ಲೇ ಕೂತಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. "ಅವರು ಕೂತಿರ್ಲಿ, ಕಾಯೋಣ," ಆಚೆ ದಡದಲ್ಲಿ ಪಾದ್ರಿ ಮೆಲ್ಲಗೆ ಅಂದರು. ಗಂಡಸರು ಪೆಟ್ಟಿಗೆಯನ್ನು ಮಾವಿನ ಮರದ ನೆರಳಿಗೆ ಇಳಿಸಿ, ಅದರ ಸುತ್ತ ಹುಲ್ಲಿನ ಮೇಲೆ ಕೂತು ಕಾಯತೊಡಗಿದರು.