ಒಪ್ಪಿಗೆ ಬರುವವರೆಗೆ

ಡಾಕ್ಟರಮ್ಮನ ಆಸ್ಪತ್ರೆ ದೊಡ್ಡದೇನಲ್ಲ. ಕೆಳಗೆ ರೋಗಿಗಳನ್ನು ನೋಡುವ ಕೋಣೆ, ಮೇಲೆ ಆಪರೇಷನ್ ಥಿಯೇಟರು, ನಡುವೆ ಸ್ಟ್ರೆಚರ್ ತಳ್ಳಲೆಂದು ಕಟ್ಟಿಸಿದ ಇಳಿಜಾರು. ಸರ್ಕಾರ ಮುದುಕರಿಗೆಂದು ವಿಮೆ ತಂದಾಗ ಆ ಭಾಗದಲ್ಲಿ ಮೊದಲು ಸೇರಿಕೊಂಡವಳು ಅವಳೇ. ಆಸ್ಪತ್ರೆಯ ವ್ಯವಹಾರ ನೋಡಿಕೊಳ್ಳುವ ಗಂಡ, ಇಲ್ಲದ ಉಸಾಬರಿ ಯಾಕೆ ಎಂದಿದ್ದ. ವಯಸ್ಸಾದವರು ಮಕ್ಕಳಿಗೆ ಹೊರೆಯಾದೇವೆಂದು ನೋವು ನುಂಗಿಕೊಂಡು ಸಾಯುವುದನ್ನು ನೋಡಿ ಸಾಕಾಗಿದೆ ಎಂದು ಅವಳು ಹಟ ಹಿಡಿದಿದ್ದಳು.

ಭಯ ಒಳಹೊಕ್ಕದ್ದು ಒಬ್ಬ ಅಜ್ಜಿಯ ಹೆಬ್ಬೆರಳಿನಿಂದ. ಜೀವಮಾನವಿಡೀ ಪಾತ್ರೆ ತಿಕ್ಕಿ ಸವೆದ ಬೆರಳು. ಮನೆಗೆ ಕಳಿಸುವ ದಿನ, ವಿಮೆಗೆಂದು ಹೆಬ್ಬೆಟ್ಟು ಒತ್ತಿಸುವ ಯಂತ್ರ ಅದರ ಗುರುತನ್ನೇ ಹಿಡಿಯಲಿಲ್ಲ. ಆಮೇಲೆ ವಿಮೆಯವರ ಕಡೆಯಿಂದ ಇಬ್ಬರು ತನಿಖೆಗೆ ಬಂದು, ಇಲ್ಲದ ರೋಗಿಗೆ ಆಪರೇಷನ್ ಮಾಡಿದಿರಾ ಎಂದು ನಯವಾಗಿಯೇ ಕೇಳಿದರು. ಅಜ್ಜಿಯನ್ನೇ ಕರೆಸಿ ಹೊಟ್ಟೆಯ ಗಾಯ ತೋರಿಸಿದರೂ, ಅದನ್ನು ಕೊಯ್ದವರು ಯಾರೋ ಯಾರಿಗೆ ಗೊತ್ತು ಎಂದರು. ಹೊರಡುವಾಗ ಹಿರಿಯವನು ಇಂಥದೇ ಆರೋಪಕ್ಕೆ ಹಿಂದಿನ ಬೀದಿಯ ಆಸ್ಪತ್ರೆಗೆ ಬೀಗ ಬಿದ್ದ ಸುದ್ದಿ ತೆಗೆದ.

"ಅವ್ರನ್ನೂ ಒಳ್ಳೆಯವ್ರು ಅಂತಿದ್ರು. ಇನ್ಮೇಲೆ ನಮ್ ಒಪ್ಪಿಗೆ ಬರೋವರೆಗೂ ಚಾಕು ಮುಟ್ಬೇಡಿ ಡಾಕ್ಟ್ರೇ."

ಅಂದಿನಿಂದ ಅವಳಿಗೆ ಹಗ್ಗವೆಲ್ಲ ಹಾವಾಯಿತು. ಗೇಟಿನ ಮುಂದೆ ಯಾರ ಕಾರು ನಿಂತರೂ ಕಿಟಕಿಗೆ ಓಡಿ ನೋಡುವಳು. ಬಿಳಿತಲೆಯವರು ಒಳಗೆ ಬಂದರೆ, ನಾಡಿ ಹಿಡಿಯುವ ಮುಂಚೆ ಅವರ ಬೆರಳ ತುದಿ ತಿರುಗಿಸಿ ನೋಡುವಳು.

ಹಾಗಿರುವಾಗ ಒಂದು ಮಧ್ಯಾಹ್ನ ಮೂಲೆಯಂಗಡಿಯ ದರ್ಜಿ ಮುದುಕನನ್ನು ಅವನ ಮಗಳು ತಂದು ಮಲಗಿಸಿದಳು. ಹರ್ನಿಯಾದೊಳಗೆ ಕರುಳು ಸಿಕ್ಕಿಕೊಂಡಿತ್ತು. ಮುಂಚಿನ ಡಾಕ್ಟರಮ್ಮನಾಗಿದ್ದರೆ ಸ್ಟ್ರೆಚರಿನ ಜೊತೆಗೇ ಮೇಲೆ ಓಡುತ್ತಿದ್ದಳು. ಈಗ ಸ್ಕ್ಯಾನು, ಫೋಟೋ ಎಲ್ಲವನ್ನೂ ವಿಮೆಯವರಿಗೆ ಕಳಿಸಿ, ಫೋನು ಹಿಡಿದು ಕುಳಿತಳು. ಪರಿಶೀಲನೆಯಲ್ಲಿದೆ ಎಂದು ತೋರಿಸುತ್ತಿತ್ತು. ಮತ್ತೆ ನೋಡಿದರೂ ಅದೇ. ಇಷ್ಟು ಹೊತ್ತು ಕಾದಿದ್ದೇವೆ, ಇನ್ನೊಂದು ಚೂರು ತಡಿ ಎಂದ ಗಂಡ. ಪರದೆಯಾಚೆ ದರ್ಜಿ ಹಲ್ಲುಕಚ್ಚಿ ನರಳುತ್ತಿದ್ದ. ಅತ್ತ ದರಿ, ಇತ್ತ ಪುಲಿ.

ಆ ನರಳಾಟ ಥಟ್ಟನೆ ನಿಂತಿತು.

ಮಗಳು ಪರದೆ ಸರಿಸಿ ಇಣುಕಿದಳು. "ಅಪ್ಪಂಗೆ ನೋವು ಕಮ್ಮಿ ಆಯ್ತಂತೆ."

ಡಾಕ್ಟರಮ್ಮ ಕುರ್ಚಿಯಿಂದ ಎದ್ದಳು. ಅಂಥ ನೋವು ತಾನಾಗಿ ನಿಂತಿತೆಂದರೆ ಕರುಳು ಸತ್ತಿದೆಯೆಂದೇ ಅರ್ಥ. ಫೋನನ್ನು ಕುರ್ಚಿಯ ಮೇಲೆ ಎಸೆದು, ಸ್ಟ್ರೆಚರನ್ನು ತಾನೇ ಇಳಿಜಾರಿನ ಮೇಲಕ್ಕೆ ತಳ್ಳಿದಳು. ತೆರೆದು ನೋಡಿದರೆ ಮೊಳದಷ್ಟು ಕರುಳು ಕಪ್ಪಿಟ್ಟಿತ್ತು. ಕತ್ತರಿಸಿ ತೆಗೆದು, ಉಳಿದದ್ದನ್ನು ಸೇರಿಸಿ ಹೊಲಿದಳು. ಆಮೇಲೆ ಬಂದ ಜ್ವರದಲ್ಲಿ ಮುದುಕ ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟುಕೊಂಡಿದ್ದು, ಕೊನೆಗೆ ಹೇಗೋ ಈಚೆಗೇ ಬಂದ. ಒಪ್ಪಿಗೆ ಮಾತ್ರ ಬರಲೇ ಇಲ್ಲ, ವಿಮೆಯ ದುಡ್ಡೂ ಬರಲಿಲ್ಲ.

ವಿಮೆಯಿಂದ ಹೊರಗೆ ಬರೋಣ ಎಂದು ಅವಳೇ ಗಂಡನಿಗೆ ಹೇಳಿದಳು. ನಷ್ಟ ಈಗಲಾದರೂ ಅರ್ಥವಾಯಿತಲ್ಲ ಎಂದು ಅವನು ನಿಟ್ಟುಸಿರಿಟ್ಟ.

"ನಷ್ಟಕ್ಕಲ್ಲ. ಅವ್ರು ಅಲ್ಲಿ ಸಾಯ್ತಿದ್ರು, ನಾನಿಲ್ಲಿ ಫೋನ್ ನೋಡ್ತಾ ಕೂತಿದ್ದೆ. ನಂಗೆ ನನ್ ಮೇಲೇ ಭಯ ಆಗ್ತಿದೆ."

ಅವನೇ ಆಳನ್ನು ಕರೆಸಿದ. ಗೇಟಿನ ಪಕ್ಕದ ವಿಮೆಯ ಫಲಕ ಇಳಿಯಿತು.

ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದ ದರ್ಜಿ, ಹಳೇ ಅಂಗಿಗೆ ತೇಪೆ ಚೆನ್ನಾಗೇ ಹಾಕಿದ್ದೀರಿ ಎಂದು ನಕ್ಕ. ಮಗಳು ನಗಲಿಲ್ಲ. ಮುಂದೆ ಹೀಗೇ ಆದರೆ ಎಲ್ಲಿಗೆ ಹೋಗುವುದು ಎಂದು ಕೇಳಿದಳು. ಡಾಕ್ಟರಮ್ಮ ವಿಮೆ ನಡೆಯುವ ಊರಾಚೆಯ ದೊಡ್ಡ ಆಸ್ಪತ್ರೆಯ ಹೆಸರು ಹೇಳಿದಳು. ದಾರಿಯಲ್ಲಿ ಎರಡು ಬಸ್ಸು ಬದಲಿಸಬೇಕು.

"ಅಲ್ಲೀ ತನಕ ನಾನು ತಡೀತೀನಾ ತಾಯಿ?" ಎಂದ ದರ್ಜಿ. ಅದರಲ್ಲಿ ದೂರು ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದ.

ಭಾರ ಎತ್ತಬೇಡಿ, ಮೆತ್ತಗಿನ ಊಟ ಮಾಡಿ ಎಂದಷ್ಟೇ ಅವಳು ಹೇಳಿದಳು. ಅಪ್ಪ ಮಗಳು ಕೈ ಹಿಡಿದುಕೊಂಡು ಹೊರಟರು. ಗೇಟಿನಲ್ಲಿ ಕಾವಲಿನವನು ಇನ್ಯಾರಿಗೋ ಇಲ್ಲೀಗ ವಿಮೆ ನಡೆಯೋದಿಲ್ಲ ಎಂದು ಮೆಲುದನಿಯಲ್ಲಿ ಹೇಳಿ ವಾಪಸು ಕಳಿಸುತ್ತಿದ್ದ. ಯಾರೆಂದು ಕಿಟಕಿಗೆ ಬಂದು ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.