ಮೊದಲನೇ ಕಾರ್ಡು

ಆಂಡಾಳಿಗೆ ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಸೋಮನಹಳ್ಳಿಯ ಆ ದೊಡ್ಡ ಕಂಪನಿಯ ಕಂಪ್ಯೂಟರ್ ವಿಭಾಗದ ಮುಂದೆ ಸೆರಗಿನ ತುದಿ ಸುತ್ತುವುದು, ಬಿಚ್ಚುವುದು, ಬೆಳಗಿನಿಂದ ಇದೇ ಆಯಿತು. ಇಡೀ ಜಿಲ್ಲೆಗೆ ಪ್ರೋಗ್ರಾಮರ್ ಕೆಲಸ ಅಂತ ಇದ್ದದ್ದು ಇದೊಂದೇ. ತಪ್ಪಿದರೆ ಮಂಡ್ಯದ ವಕೀಲರೊಬ್ಬರ ಆಫೀಸಿನಲ್ಲಿ ಟೈಪು ಕುಟ್ಟಬೇಕು. ಅಪ್ಪ ತಿರುನಾರಾಯಣ ಮೇಷ್ಟ್ರು ಆಗಲೇ ಮಾತು ಕೊಟ್ಟು ಬಂದಿದ್ದರು. ಗಣಿತದಲ್ಲಿ ಎಂಎಸ್ಸಿ ಮಾಡಿ ಯಾರದೋ ಜಮೀನಿನ ತಕರಾರು ಟೈಪು ಮಾಡುವುದೇ! 

ಇಂಟರ್‌ವ್ಯೂ ಅಂದರೆ ಬಾಯಿಮಾತಲ್ಲ. ಹಾಳೆಯ ಮೇಲೆ ಪ್ರೋಗ್ರಾಂ ಬರೆದುಕೊಡಬೇಕು. ಪಂಚಿಂಗ್ ಮಾಡುವ ಮೀನಾಕ್ಷಮ್ಮ ಒಂದೊಂದು ಸಾಲಿಗೆ ಒಂದೊಂದು ಕಾರ್ಡಿನಲ್ಲಿ ತೂತು ಹೊಡೆದು, ಕಟ್ಟನ್ನು ಮಿಷನ್ನಿಗೆ ಕೊಡುತ್ತಾಳೆ. ಉತ್ತರ ಅಚ್ಚಾಗಿ ಬಂದರೆ ಪಾಸು, ಅರ್ಥವಾಗದ ಸಾಲು ಸಿಕ್ಕಿ ಮಿಷನ್ ನಿಂತರೆ ಫೇಲು. ಒಬ್ಬರಿಗೆ ಒಂದೇ ಸಲ. ಆಂಡಾಳ್ ತನ್ನ ಹಾಳೆ ಬರೆದುಕೊಟ್ಟು ಹೊರಗೆ ಕಾಯುತ್ತಿದ್ದಳು.

ಒಳಗಿನಿಂದ ಕರೆ ಬಂತು. ವಿಭಾಗದ ಮುಖ್ಯಸ್ಥ ಪಾರ್ಥಸಾರಥಿ ಸಿಡಿಸಿಡಿ ಅನ್ನುತ್ತಿದ್ದರು. ಪಕ್ಕದಲ್ಲಿ ಆಯ್ಕೆ ಮಾಡಲು ಬೆಂಗಳೂರಿನಿಂದ ಬಂದ ಸಾಹೇಬರು.

"ಮಿಷನ್ ಮೊದಲನೇ ಕಾರ್ಡಿಗೇ ನಿಂತುಬಿಟ್ಟಿದೆ. ಅದರಲ್ಲಿ ಶ್ರೀ ಅಂತಿದೆ! ಏನ್ರೀ ಮೀನಾಕ್ಷಮ್ಮ, ಕಾರ್ಡಿಗೂ ಪೂಜೆ ಶುರು ಮಾಡಿದ್ರಾ?" ಎಂದು ಪಾರ್ಥಸಾರಥಿ ರೇಗಿದರು.

ಅಯ್ಯೋ, ನನ್ನ ಬುದ್ಧಿಗಿಷ್ಟು! ಆಂಡಾಳ ಮನೆಯಲ್ಲಿ ಅಗಸನಿಗೆ ಹಾಕಿದ ಬಟ್ಟೆಯ ಲೆಕ್ಕಕ್ಕೂ ಮೇಲೆ ಶ್ರೀ ಬೀಳದೆ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಹೆದರಿಕೆಯಲ್ಲಿ ಕೈ ತನ್ನ ಪಾಡಿಗೆ ತಾನು ಇಂಗ್ಲಿಷಿನಲ್ಲೇ ಅದನ್ನು ಬರೆದುಬಿಟ್ಟಿತ್ತು.

ಮೀನಾಕ್ಷಮ್ಮ ಹುಡುಗಿಯ ಮುಖ ನೋಡಿದಳು. "ಊಂ ಸಾ, ನಾನೇಯ. ಬೆಳಿಗ್ಗೆ ಮೊದಲ್ನೇ ಕಟ್ಟು ಅಂತ ಆಕ್ಬುಟ್ಟೆ."

ಬೈಸಿಕೊಂಡರೆ ಮುಗಿಯಿತು ಅಂದುಕೊಂಡಿದ್ದಳು ಪಾಪ. ಸಾಹೇಬರು, "ನಾಳೆಯಿಂದ ಬರಬೇಡಿ" ಎಂದರು. 

ಸುಮ್ಮನಿದ್ದರೆ ಆ ಕಾರ್ಡು ತೆಗೆದು ಮತ್ತೆ ಕೊಡುತ್ತಾರೆ, ಕೆಲಸ ತನ್ನದಾದೀತು. ಸುಮ್ಮನಿದ್ದುಬಿಡಲೇ ಅಂತ ಆಂಡಾಳಿಗೆ ಅನ್ನಿಸಿತು, ಅನ್ನಿಸಲಿಲ್ಲ ಅಂದರೆ ಸುಳ್ಳು. ಆದರೆ ನಾಲಿಗೆ ತಡೆಯಲಿಲ್ಲ. "ಅವರಲ್ಲ ಸಾರ್, ಬರೆದವಳು ನಾನು."

"ಹಾಗಾದರೆ ನಿಮ್ಮದು ಮುಗಿಯಿತು. ಹೊರಡಿ. ಮೀನಾಕ್ಷಮ್ಮ, ನೀವು ಇರಿ" ಎಂದರು ಸಾಹೇಬರು.

ಬಾಗಿಲ ಹೊರಗೆ ಮೀನಾಕ್ಷಮ್ಮ ಸರಿಯಾಗಿ ಝಾಡಿಸಿದಳು. "ಬಾಯಿ ಮುಚ್ಕೊಂಡು ಇರಕಾಗ್ನಿಲ್ವಾ? ನನ್ ಗಂಡನ ಸಂಬಳ ಅದೆ ಕಣಮ್ಮ, ನಿಂದೇನು ಗತಿ?" ಬೈಯುತ್ತಲೇ ಕಣ್ಣೊರೆಸಿಕೊಂಡು ಒಳಗೆ ಹೋದಳು. ಆಂಡಾಳಿಗೆ ಬಸ್ಸಿಗೆ ಹೋಗಲು ಕಾಲೇ ಬರಲಿಲ್ಲ. ತೆರೆದ ಬಾಗಿಲ ಮುಂದೆಯೇ ಅತ್ತಿಂದಿತ್ತ ತಿರುಗಿದಳು.

ಒಳಗೆ, ಇಂಟರ್‌ವ್ಯೂಗೆ ಬಂದಿದ್ದ ಮಳವಳ್ಳಿಯ ಸಂಪತ್ ಕುಮಾರನ ಕಟ್ಟು ಮಿಷನ್ನಿಗೆ ಹೋಯಿತು. ಮೊದಲನೇ ಕಾರ್ಡಿಗೇ ನಿಂತಿತು: ಓಂ. ಕಿರುಗಾವಲಿನ ಮರಿಸಿದ್ದಯ್ಯನದು ಹೋಯಿತು. ಅದೂ ನಿಂತಿತು: ಮತ್ತೆ ಶ್ರೀ.

"ಏನ್ರೀ ಇದು, ಈ ಸೀಮೆಯಲ್ಲಿ ಒಬ್ಬರಿಗಾದರೂ ಬರೀ ಪ್ರೋಗ್ರಾಂ ಬರೆಯೋಕೆ ಬರಲ್ವೇನ್ರೀ?" ಸಾಹೇಬರು ತಲೆಯ ಮೇಲೆ ಕೈ ಹೊತ್ತರು.

ಆಂಡಾಳ್ ಕರೆಯದೆಯೇ ಒಳಗೆ ನುಗ್ಗಿದಳು. "ಸಾರ್, ನಮ್ಮ ಕೈ ತಿದ್ದೋದು ಕಷ್ಟ. ಇಂಥ ಕಾರ್ಡು ಬಂದರೆ ನಿಲ್ಲದೆ ದಾಟಿ ಹೋಗು ಅಂತ ಮಿಷನ್ನಿಗೇ ಹೇಳಿಬಿಟ್ಟರೆ?"

"ಯಾರು ಹೇಳೋದು?"

"ಹಾಳೆ ಕೊಡಿ."

ನಿಂತುಕೊಂಡೇ ಬರೆದಳು. ಮೀನಾಕ್ಷಮ್ಮ ತುಟಿ ಬಿಗಿಹಿಡಿದು ತೂತು ಹೊಡೆದಳು. ಆ ಕಾರ್ಡುಗಳನ್ನು ಮುಂದಿಟ್ಟು ಮೂರೂ ಕಟ್ಟು ಒಂದರ ಹಿಂದೊಂದು ಕೊಟ್ಟರು. ಮಿಷನ್ ಎಲ್ಲೂ ನಿಲ್ಲಲಿಲ್ಲ. ಮೂರು ಉತ್ತರವೂ ಅಚ್ಚಾಗಿ ಬಂದವು, ಮೂರೂ ಸರಿ.

ಸಾಹೇಬರು ಅವಳು ಬರೆದ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ ಆಂಡಾಳ ಕಡೆ ತಿರುಗಿ, "ಸೋಮವಾರದಿಂದ ಬನ್ನಿ" ಎಂದರು.

"ಅಲ್ಲೀವರೆಗೂ ಮನೇಲಿ ಕೂತು ಏನು ಮಾಡಲಿ ಸಾರ್?" ಎನ್ನುತ್ತ ಆಂಡಾಳ್ ಮೀನಾಕ್ಷಮ್ಮನ ಪಕ್ಕದ ಸ್ಟೂಲು ಎಳೆದುಕೊಂಡಳು.